ಆಪರೇಷನ್‌ಗೆ ಮುನ್ನ ಬಸಿರಿನ ಪರೀಕ್ಷೆ ಏಕೆ?

ಪಿತ್ತಕೋಶದ ಕಲ್ಲು, ಹರ್ನಿಯಾ, ಥೈರಾಯ್ಡ್ ಗಂಟು, ಟಾನ್ಸಿಲ್, ಮುರಿದ ಮೂಳೆ - ಕಾರಣ ಏನೇ ಇರಲಿ, ಮನೆಯ ಹೆಣ್ಣುಮಗಳೊಬ್ಬಳಿಗೆ ಶಸ್ತ್ರಚಿಕಿತ್ಸೆ ಆಗಬೇಕೆಂದು ಗೊತ್ತಾದೊಡನೆ ಆಸ್ಪತ್ರೆಯವರು ಉದ್ದನೆಯ ಒಂದು ಚೀಟಿ ಬರೆದು ಕೊಡುತ್ತಾರೆ. ರಕ್ತದ ಗುಂಪು, ಹಿಮೋಗ್ಲೋಬಿನ್, ಸಕ್ಕರೆ, ಇ.ಸಿ.ಜಿ., ಎದೆಯ ಎಕ್ಸ್‌ರೇ ಎಲ್ಲವೂ ಅದರಲ್ಲಿರುತ್ತವೆ. ಇವುಗಳಲ್ಲಿ ಯಾವುದಕ್ಕೂ ಮನೆಯವರ ತಕರಾರಿಲ್ಲ. ಆದರೆ ಅದೇ ಚೀಟಿಯ ಕೊನೆಯಲ್ಲಿ ಮೂತ್ರದ ಗರ್ಭಪರೀಕ್ಷೆ ಎಂದು ಬರೆದಿದ್ದರೆ ಮಾತ್ರ ಮುಖ ಗಂಟಿಕ್ಕುತ್ತದೆ.

'ನಮ್ಮ ಹುಡುಗಿಗೆ ಇನ್ನೂ ಮದುವೆಯೇ ಆಗಿಲ್ಲವಲ್ಲ ಡಾಕ್ಟ್ರೇ' ಎನ್ನುತ್ತಾರೆ ತಂದೆ. 'ನನಗೆ ಮಕ್ಕಳಾಗದ ಆಪರೇಷನ್ ಆಗಿ ಎಂಟು ವರ್ಷವಾಯಿತು' ಎನ್ನುತ್ತಾರೆ ಇನ್ನೊಬ್ಬರು. 'ಈ ವಯಸ್ಸಿನಲ್ಲಿ ನನಗೆಂಥ ಬಸಿರು?' ಎಂದು ನಾಚಿ ನಗುತ್ತಾರೆ ನಲವತ್ತೈದರ ಗೃಹಿಣಿ. ಬಿಲ್ ಹೆಚ್ಚು ಮಾಡಲು ಬರೆದಿದ್ದಾರೆ ಎಂದು ಗೊಣಗುವವರೂ ಉಂಟು.

ಈ ಪರೀಕ್ಷೆ ಯಾರ ನಡತೆಯನ್ನೂ ಶಂಕಿಸುವುದಿಲ್ಲ. ರಕ್ತದಲ್ಲಿ ಸಕ್ಕರೆ ಎಷ್ಟಿದೆ ಎಂದು ನೋಡುವ ಹಾಗೆಯೇ, ಹೊಟ್ಟೆಯಲ್ಲಿ ಇನ್ನೊಂದು ಜೀವ ಇದೆಯೇ ಎಂದು ನೋಡುವುದು, ಅಷ್ಟೆ. ಹತ್ತು ನಿಮಿಷದ ಈ ಕೆಲಸದಿಂದ ತಪ್ಪುವ ತೊಂದರೆ, ಉಳಿಯುವ ಮನಶ್ಶಾಂತಿ ದೊಡ್ಡದು. ಹೇಗೆಂದು ಈ ವಾರ ನೋಡೋಣ.

ತಿಳಿಯದಿದ್ದರೆ ಆಗುವುದೇನು?

ಬಸಿರು ನಿಂತ ಮೊದಲ ಕೆಲವು ವಾರ ಬಹಳ ಹೆಂಗಸರಿಗೆ ಅದು ತಿಳಿಯುವುದೇ ಇಲ್ಲ. ವಾಂತಿ, ತಲೆಸುತ್ತು, ಬಯಕೆ ಎಲ್ಲ ಆಮೇಲಿನ ಮಾತು. ಆದರೆ ಮಗುವಿನ ಹೃದಯ, ಮಿದುಳು, ಬೆನ್ನುಹುರಿ, ಕೈಕಾಲು ರೂಪುಗೊಳ್ಳುವುದು ಇದೇ ಕಾಲದಲ್ಲಿ. ಕೊನೆಯ ಮುಟ್ಟಿನ ಮೊದಲ ದಿನದಿಂದ ಲೆಕ್ಕ ಹಾಕಿದರೆ ಸುಮಾರು 5ನೇ ವಾರದಿಂದ 10ನೇ ವಾರದವರೆಗೆ. ಅಂದರೆ 'ಈ ಸಲ ಸ್ವಲ್ಪ ತಡವಾಗಿದೆ, ಓಡಾಟ ಹೆಚ್ಚಾಯಿತೇನೋ' ಎಂದು ತಾಯಿ ಅಂದುಕೊಳ್ಳುವ ಹೊತ್ತಿಗೆ ಒಳಗೆ ಕೆಲಸ ಭರದಿಂದ ಸಾಗಿರುತ್ತದೆ.

ಈ ಕಾಲದಲ್ಲಿ ಔಷಧ ಏನು ಮಾಡಬಲ್ಲದು ಎಂಬ ಪಾಠವನ್ನು ಜಗತ್ತು ಥಾಲಿಡೊಮೈಡ್‌ನಿಂದ ಕಲಿಯಿತು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಈ ನಿದ್ರೆಮಾತ್ರೆಯನ್ನು ಬಸಿರಿನ ವಾಂತಿಗೂ ಕೊಡತೊಡಗಿದರು. 1961ರಲ್ಲಿ ಅದನ್ನು ಹಿಂದಕ್ಕೆ ಪಡೆಯುವ ಹೊತ್ತಿಗೆ ಹಲವು ದೇಶಗಳಲ್ಲಿ ಕೈಕಾಲು ಬೆಳೆಯದ ಸಾವಿರಾರು ಮಕ್ಕಳು ಹುಟ್ಟಿದ್ದರು. ಗರ್ಭಿಣಿಗೆ ಔಷಧ ಬರೆಯುವ ಮುನ್ನ ವೈದ್ಯರು ಎರಡು ಸಲ ಯೋಚಿಸುವುದು ಅಂದಿನಿಂದ ರೂಢಿಯಾಯಿತು.

ಹಾಗೆಂದು ಅರಿವಳಿಕೆಯ ಔಷಧಗಳೆಲ್ಲ ವಿಷವೆಂದು ತಿಳಿಯಬೇಡಿ. ಇಂದು ಬಳಕೆಯಲ್ಲಿರುವ ಅರಿವಳಿಕೆ ಔಷಧಗಳನ್ನು ಸರಿಯಾದ ಪ್ರಮಾಣದಲ್ಲಿ ಕೊಟ್ಟಾಗ ಅವು ಮಗುವಿನಲ್ಲಿ ಅಂಗವೈಕಲ್ಯ ಉಂಟುಮಾಡುತ್ತವೆ ಎಂಬುದಕ್ಕೆ ಪುರಾವೆ ಸಿಕ್ಕಿಲ್ಲ. ಇರುವ ಆತಂಕ ಬೇರೆಯವು. ಒಂದು, ಶಸ್ತ್ರಚಿಕಿತ್ಸೆ ಹಾಗೂ ಅದರ ಹಿಂದಿನ ರೋಗದಿಂದ ಗರ್ಭಪಾತ ಅಥವಾ ದಿನ ತುಂಬುವ ಮುನ್ನ ಹೆರಿಗೆ ಆಗುವ ಸಂಭವ ಸ್ವಲ್ಪ ಹೆಚ್ಚುತ್ತದೆ. ಎರಡು, ಆಪರೇಷನ್ ಮುಗಿದ ಮೇಲೆ ಕೊಡುವ ನೋವಿನ ಮಾತ್ರೆ, ಆಂಟಿಬಯೋಟಿಕ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಗಳಲ್ಲಿ ಕೆಲವು ಗರ್ಭಿಣಿಗೆ ಹೊಂದುವುದಿಲ್ಲ. ವಾರ್ಫರಿನ್ ಮೊದಲ ತಿಂಗಳುಗಳಲ್ಲಿ ಮಗುವಿಗೆ ಹಾನಿ ಮಾಡಬಲ್ಲದು. ಡಾಕ್ಸಿಸೈಕ್ಲಿನ್ ಗುಂಪಿನ ಔಷಧ ಮಗುವಿನ ಹಲ್ಲಿನ ಬಣ್ಣ ಕೆಡಿಸಬಲ್ಲದು. ವಿಷಯ ಮೊದಲೇ ಗೊತ್ತಿದ್ದರೆ ಇವುಗಳ ಬದಲು ಬೇರೆ ಔಷಧ ಆರಿಸಿಕೊಳ್ಳಬಹುದು.

ಮೂರನೆಯದು ತಾಯಿಯದೇ ಸುರಕ್ಷತೆ. ಬಸುರಿಯ ಹೊಟ್ಟೆಯ ಆಮ್ಲ ಸುಲಭವಾಗಿ ಗಂಟಲಿಗೆ ನುಗ್ಗುತ್ತದೆ. ಪ್ರಜ್ಞೆ ತಪ್ಪಿದಾಗ ಅದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೇ ಅಪಾಯ. ಉಸಿರು ನಿಂತಾಗ ಅವಳ ರಕ್ತದ ಆಮ್ಲಜನಕ ಬೇರೆಯವರಿಗಿಂತ ಬೇಗ ಇಳಿಯುತ್ತದೆ. ಐದು ತಿಂಗಳು ದಾಟಿದ ಮೇಲೆ ಅಂಗಾತ ಮಲಗಿಸಿದರೆ ಬೆಳೆದ ಗರ್ಭಕೋಶ ದೊಡ್ಡ ರಕ್ತನಾಳವನ್ನು ಒತ್ತಿ ರಕ್ತದೊತ್ತಡ ಕುಸಿಯುತ್ತದೆ. ಆದ್ದರಿಂದ ಬಲಸೊಂಟದ ಕೆಳಗೆ ದಿಂಬಿಟ್ಟು ಎಡಕ್ಕೆ ವಾಲಿಸಿ ಮಲಗಿಸುತ್ತಾರೆ. ಬಸಿರೆಂದು ತಿಳಿದಾಗಲೇ ಅರಿವಳಿಕೆ ತಜ್ಞರು ಇವಕ್ಕೆಲ್ಲ ಸಿದ್ಧರಾಗಬಲ್ಲರು.

ಇನ್ನು ಗರ್ಭಕೋಶದ ಮೇಲೆಯೇ ನಡೆಯುವ ಕೆಲಸಗಳ ಮಾತು. 'ಗರ್ಭಕೋಶ ಕ್ಲೀನ್ ಮಾಡುವುದು' ಎಂದು ಜನ ಕರೆಯುವ ಡಿ ಅಂಡ್ ಸಿ, ಗರ್ಭನಾಳಕ್ಕೆ ಬಣ್ಣದ ದ್ರವ ಬಿಟ್ಟು ತೆಗೆಯುವ ಎಕ್ಸ್‌ರೇ, ಕಾಪರ್-ಟಿ ಹಾಕುವುದು, ಗರ್ಭಕೋಶವನ್ನೇ ತೆಗೆಯುವುದು - ಇವುಗಳಲ್ಲಿ ಬಸಿರಿದ್ದರೆ ಅದಕ್ಕೆ ನೇರವಾಗಿ ಪೆಟ್ಟು.

'ನನಗೆ ಸಾಧ್ಯವೇ ಇಲ್ಲ' ಎನ್ನುವವರಿಗೆ

ಬಹುಪಾಲು ಹೆಂಗಸರು ಹೇಳುವುದು ನಿಜವೇ ಆಗಿರುತ್ತದೆ. ಆದರೆ ಪ್ರಾಮಾಣಿಕವಾಗಿ ಹೇಳಿದ ಮಾತೂ ಕೆಲವು ಸಲ ತಪ್ಪಾಗುವುದುಂಟು. ಸಾಮಾನ್ಯವಾಗಿ ಕೇಳುವ ಮಾತುಗಳನ್ನು ಒಂದೊಂದಾಗಿ ನೋಡೋಣ.

'ಹೋದ ತಿಂಗಳು ಮುಟ್ಟಾಗಿದ್ದೇನೆ': ನಾಲ್ಕೈದು ಗರ್ಭಿಣಿಯರಲ್ಲಿ ಒಬ್ಬರಿಗೆ ಮೊದಲ ಮೂರು ತಿಂಗಳಲ್ಲಿ ಸ್ವಲ್ಪ ರಕ್ತ ಕಾಣಿಸುತ್ತದೆ. ಅದನ್ನೇ ಮುಟ್ಟೆಂದು ಭಾವಿಸುವುದು ಸಹಜ. ರಕ್ತ ಎಂದಿಗಿಂತ ಕಡಿಮೆಯಿತ್ತೇ, ಒಂದೆರಡು ದಿನಕ್ಕೇ ನಿಂತಿತೇ, ದಿನ ಏರುಪೇರಾಗಿತ್ತೇ ಎಂದು ವೈದ್ಯರು ಕೆದಕಿ ಕೇಳುವುದು ಇದಕ್ಕೇ.

'ಮಕ್ಕಳಾಗದ ಆಪರೇಷನ್ ಆಗಿದೆ': ಸಂತಾನಹರಣ ಶಸ್ತ್ರಚಿಕಿತ್ಸೆ ಬಹಳ ನಂಬಿಕೆಗೆ ಅರ್ಹವಾದ ವಿಧಾನ. ಆದರೂ ಮೊದಲ ವರ್ಷದಲ್ಲಿ ಇನ್ನೂರರಲ್ಲಿ ಸುಮಾರು ಒಬ್ಬರಿಗೆ ಬಸಿರು ನಿಲ್ಲಬಹುದು. ಮುಂದಿನ ವರ್ಷಗಳಲ್ಲೂ ಅಲ್ಲೊಂದು ಇಲ್ಲೊಂದು ಆಗುವುದುಂಟು. ಹಾಗೆ ನಿಂತ ಬಸಿರುಗಳಲ್ಲಿ ಸುಮಾರು ಮೂರರಲ್ಲಿ ಒಂದು ಗರ್ಭಕೋಶದ ಬದಲು ಗರ್ಭನಾಳದಲ್ಲಿ ನಿಲ್ಲುತ್ತದೆ. ಅದು ಒಡೆದರೆ ಪ್ರಾಣಾಪಾಯ. ಹಾಗಾಗಿ ಆಪರೇಷನ್ ಆದವರು ಮುಟ್ಟು ತಪ್ಪಿದರೆ ಇನ್ನೂ ಬೇಗ ಪರೀಕ್ಷೆ ಮಾಡಿಸಬೇಕು.

'ಮಗುವಿಗೆ ಹಾಲು ಕೊಡುತ್ತಿದ್ದೇನೆ': ಎದೆಹಾಲಿನ ರಕ್ಷಣೆ ಇರುವುದು ಮೂರು ಷರತ್ತು ಕೂಡಿದಾಗ ಮಾತ್ರ. ಮಗುವಿಗೆ ಆರು ತಿಂಗಳು ತುಂಬಿರಬಾರದು, ಹಗಲೂ ರಾತ್ರಿ ಎದೆಹಾಲೊಂದೇ ಆಹಾರವಾಗಿರಬೇಕು, ತಾಯಿಗೆ ಮುಟ್ಟು ಮರಳಿರಬಾರದು. ಒಂದು ತಪ್ಪಿದರೂ ನೆಚ್ಚಿಕೊಳ್ಳುವಂತಿಲ್ಲ. ಮೊದಲ ಮುಟ್ಟು ಬರುವ ಮೊದಲೇ ಅಂಡ ಬಿಡುಗಡೆಯಾಗುವುದರಿಂದ, ಹೆರಿಗೆಯ ನಂತರ ಒಮ್ಮೆಯೂ ಹೊರಗಾಗದೆ ಮತ್ತೆ ಬಸುರಿಯಾದವರನ್ನು ನೀವೂ ಕಂಡಿರಬಹುದು.

'ನನಗೆ ಮುಟ್ಟು ನಿಲ್ಲುವ ವಯಸ್ಸು': ಮುಟ್ಟು ನಿಂತು ಪೂರ್ತಿ ಒಂದು ವರ್ಷ ಕಳೆದರೆ ಮಾತ್ರ ನಿಂತಿತು ಎಂದರ್ಥ. ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ ಆಗುತ್ತಿರುವ ಕಾಲದಲ್ಲಿ ಬಸಿರು ಅಪರೂಪ, ಅಸಾಧ್ಯವಲ್ಲ.

'ಮಕ್ಕಳಿಲ್ಲವೆಂದೇ ಆಸ್ಪತ್ರೆಗೆ ಅಲೆಯುತ್ತಿದ್ದೇನೆ': ವಿಚಿತ್ರವೆನಿಸಿದರೂ ಇವರಲ್ಲೇ ಹೆಚ್ಚು ಎಚ್ಚರ ಬೇಕು. ಚಿಕಿತ್ಸೆ ನಡೆಯುತ್ತಿರುವಾಗ ಯಾವ ತಿಂಗಳಲ್ಲಾದರೂ ಬಸಿರು ನಿಲ್ಲಬಹುದು. ವರ್ಷಗಟ್ಟಲೆ ಹರಕೆ ಹೊತ್ತು ಕಾದ ಗರ್ಭಕ್ಕೆ, ಅದನ್ನು ಹುಡುಕಲೆಂದು ಮಾಡಿದ ಪರೀಕ್ಷೆಯಿಂದಲೇ ಪೆಟ್ಟು ಬೀಳಬಾರದಲ್ಲವೇ? ಗರ್ಭನಾಳದ ಎಕ್ಸ್‌ರೇಯನ್ನು ಮುಟ್ಟಾದ ಮೊದಲ ಹತ್ತು ದಿನಗಳೊಳಗೆ ಮಾಡಿಸುವ ಪದ್ಧತಿ ಇರುವುದು ಈ ಕಾರಣಕ್ಕೆ.

'ಮದುವೆಯಾಗಿಲ್ಲ': ಈ ಸೂಕ್ಷ್ಮ ವಿಷಯಕ್ಕೆ ಆಮೇಲೆ ಬರೋಣ.

ಪರೀಕ್ಷೆ ಹೇಗೆ ಕೆಲಸ ಮಾಡುತ್ತದೆ?

ಫಲಿತ ಅಂಡ ಗರ್ಭಕೋಶದ ಗೋಡೆಗೆ ಅಂಟಿಕೊಂಡ ಮೇಲೆ, ಮುಂದೆ ಮಾಸು ಆಗಿ ಬೆಳೆಯಲಿರುವ ಭಾಗವು ಎಚ್.ಸಿ.ಜಿ. ಎಂಬ ಹಾರ್ಮೋನನ್ನು ಉತ್ಪಾದಿಸುತ್ತದೆ. ಮೊದಲ ವಾರಗಳಲ್ಲಿ ಇದು ಎರಡು-ಮೂರು ದಿನಕ್ಕೊಮ್ಮೆ ಇಮ್ಮಡಿಯಾಗುತ್ತ ಹೋಗಿ, ಮೂತ್ರದಲ್ಲೂ ಕಾಣಿಸಿಕೊಳ್ಳುತ್ತದೆ.

ಇದನ್ನು ಪತ್ತೆ ಮಾಡುವುದು ಹಿಂದೆ ಸುಲಭವಿರಲಿಲ್ಲ. 1920ರ ದಶಕದ ಕೊನೆಯಲ್ಲಿ ಬರ್ಲಿನ್ನಿನ ಆಶ್‌ಹೈಮ್ ಮತ್ತು ಝೋಂಡೆಕ್ ಎಂಬ ವೈದ್ಯರು ಹೆಂಗಸಿನ ಮೂತ್ರವನ್ನು ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಕೆಲವು ದಿನ ಬಿಟ್ಟು ಅವುಗಳ ಅಂಡಾಶಯ ನೋಡಿ ಫಲಿತಾಂಶ ಹೇಳುತ್ತಿದ್ದರು. 1930ರ ದಶಕದಲ್ಲಿ ಆಫ್ರಿಕಾದ ಒಂದು ಜಾತಿಯ ಕಪ್ಪೆ ಬಂತು. ಮೂತ್ರ ಚುಚ್ಚಿದ ಕಪ್ಪೆ ಮೊಟ್ಟೆ ಇಟ್ಟರೆ ಹೆಂಗಸು ಬಸುರಿ! ಇಂದು ಅದೇ ಕೆಲಸವನ್ನು ಔಷಧದ ಅಂಗಡಿಯಲ್ಲಿ ಸಿಗುವ ಪುಟ್ಟ ಕಾರ್ಡ್ ಐದು ನಿಮಿಷದಲ್ಲಿ ಮಾಡುತ್ತದೆ. ಹಳ್ಳಿಗಳಲ್ಲಿ ಆಶಾ ಕಾರ್ಯಕರ್ತೆಯರ ಮೂಲಕವೂ ಈ ಕಿಟ್ ದೊರೆಯುತ್ತದೆ.

ಬೆಳಗಿನ ಮೊದಲ ಮೂತ್ರ ಎಲ್ಲಕ್ಕಿಂತ ಒಳ್ಳೆಯದು. ಅದರಲ್ಲಿ ಹಾರ್ಮೋನು ಗಾಢವಾಗಿರುತ್ತದೆ. ಕಾರ್ಡಿನ ಗುಳಿಗೆ ಅದರೊಡನೆ ಬರುವ ಸೂಚನೆಯಲ್ಲಿ ಹೇಳಿದಷ್ಟು ಹನಿ ಬಿಟ್ಟು, ಹೇಳಿದ ಸಮಯಕ್ಕೆ ಸರಿಯಾಗಿ ನೋಡಬೇಕು. 'ಸಿ' ಅಕ್ಷರದ ಎದುರು ಗೆರೆ ಮೂಡಿದರೆ ಕಾರ್ಡ್ ಸರಿಯಿದೆ ಎಂದರ್ಥ. 'ಟಿ' ಎದುರಲ್ಲೂ ಗೆರೆ ಬಂದರೆ, ಅದು ಮಸುಕಾಗಿದ್ದರೂ, ಬಸಿರಿರುವ ಸಂಭವವೇ ಹೆಚ್ಚು. 'ಸಿ' ಗೆರೆಯೇ ಬರದಿದ್ದರೆ ಆ ಕಾರ್ಡ್ ಕೆಟ್ಟಿದೆ, ಎಸೆದು ಬೇರೆ ತನ್ನಿ. ಅರ್ಧ ಗಂಟೆ ಬಿಟ್ಟು ನೋಡಿ ನಿರ್ಧಾರಕ್ಕೆ ಬರಬೇಡಿ. ಒಣಗಿದಾಗ ಮೂಡುವ ಗೆರೆ ದಾರಿ ತಪ್ಪಿಸುತ್ತದೆ.

ಈ ಪರೀಕ್ಷೆಗೂ ಮಿತಿಯಿದೆ. ಗರ್ಭ ಕಟ್ಟಿ ಸುಮಾರು ಎರಡು ವಾರವಾಗುವವರೆಗೆ, ಅಂದರೆ ಮುಟ್ಟಿನ ದಿನ ಬರುವವರೆಗೆ, ಮೂತ್ರದಲ್ಲಿ ಅದು ಕಾಣದಿರಬಹುದು. ಹಾಗಾಗಿ 'ಇಲ್ಲ' ಎಂದು ಬಂದರೂ ಇತ್ತೀಚಿನ ಎರಡು ವಾರಗಳಲ್ಲಿ ಗಂಡ-ಹೆಂಡಿರ ಸೇರುವಿಕೆ ಆಗಿದ್ದರೆ ಅದನ್ನು ವೈದ್ಯರಿಗೆ ಹೇಳಬೇಕು. ಅಗತ್ಯವಿದ್ದರೆ ರಕ್ತದಲ್ಲಿ ಇದೇ ಹಾರ್ಮೋನನ್ನು ಅಳೆಯುತ್ತಾರೆ. ಅದು ಕೆಲವು ದಿನ ಮೊದಲೇ ತಿಳಿಸುತ್ತದೆ. ಇಲ್ಲವೇ ಒಂದು ವಾರ ಬಿಟ್ಟು ಮತ್ತೆ ಮೂತ್ರ ಪರೀಕ್ಷಿಸುತ್ತಾರೆ. ಇದಕ್ಕೆ ವಿರುದ್ಧವಾಗಿ, ಹೆರಿಗೆ ಅಥವಾ ಗರ್ಭಪಾತವಾದ ಕೆಲವು ವಾರಗಳವರೆಗೆ, ಮಕ್ಕಳಾಗಲೆಂದು ಎಚ್.ಸಿ.ಜಿ. ಚುಚ್ಚುಮದ್ದು ಪಡೆದ ಕೆಲವು ದಿನಗಳವರೆಗೆ, ಬಸಿರಿಲ್ಲದಿದ್ದರೂ 'ಇದೆ' ಎಂದು ತೋರಿಸಬಹುದು.

ಹದಿನೈದು ದಿನದ ಹಿಂದೆ ಮಾಡಿಸಿದ ರಿಪೋರ್ಟನ್ನು ಆಪರೇಷನ್ ದಿನ ತೋರಿಸಿ ಪ್ರಯೋಜನವಿಲ್ಲ. ನಡುವಿನ ದಿನಗಳಲ್ಲಿ ಏನು ಬೇಕಾದರೂ ಬದಲಾಗಿರಬಹುದು. ಪರೀಕ್ಷೆ ಆಪರೇಷನ್‌ಗೆ ಎಷ್ಟು ಹತ್ತಿರವಾಗಿ ನಡೆದರೆ ಅಷ್ಟು ಒಳ್ಳೆಯದು. ಇಂಗ್ಲೆಂಡಿನಲ್ಲಿ ರೋಗಿಗಳ ಸುರಕ್ಷತೆಯ ಹೊಣೆ ಹೊತ್ತಿದ್ದ ಸರ್ಕಾರಿ ಸಂಸ್ಥೆ ಆಪರೇಷನ್‌ಗೆ ಮುನ್ನ ಬಸಿರಿನ ವಿಚಾರ ಖಚಿತಪಡಿಸಿಕೊಳ್ಳುವಂತೆ 2010ರಲ್ಲಿಯೇ ಆಸ್ಪತ್ರೆಗಳನ್ನು ಎಚ್ಚರಿಸಿತ್ತು. ಆಪರೇಷನ್ ದಿನವೇ ಬಸಿರಿನ ಸಾಧ್ಯತೆಯನ್ನು ನಾಜೂಕಾಗಿ ಕೇಳಬೇಕು, ಸಂಶಯವಿದ್ದರೆ ಒಪ್ಪಿಗೆ ಪಡೆದು ಪರೀಕ್ಷಿಸಬೇಕು ಎಂದು ಅಲ್ಲಿನ 2016ರ ಮಾರ್ಗಸೂಚಿ ಹೇಳುತ್ತದೆ.

ಆರು ಪ್ರಶ್ನೆಗಳು

ಕಾರ್ಡ್ ಕೈಗೆ ಸಿಗದ ಕಡೆಯೂ ಬಸಿರಿಲ್ಲ ಎಂದು ಬಹುಮಟ್ಟಿಗೆ ತೀರ್ಮಾನಿಸಲು ಕುಟುಂಬ ಯೋಜನೆಯ ಕಾರ್ಯಕರ್ತರು ಬಳಸುವ ಆರು ಪ್ರಶ್ನೆಗಳಿವೆ. ನೀವೂ ಕೇಳಿಕೊಳ್ಳಬಹುದು.

1. ಮುಟ್ಟು ಶುರುವಾಗಿ ಇನ್ನೂ ಏಳು ದಿನ ದಾಟಿಲ್ಲವೇ?
2. ಕಳೆದ ಮುಟ್ಟಿನ ಅಥವಾ ಹೆರಿಗೆಯ ನಂತರ ಸೇರುವಿಕೆ ಆಗಿಯೇ ಇಲ್ಲವೇ?
3. ಮಾತ್ರೆ, ಚುಚ್ಚುಮದ್ದು, ಕಾಪರ್-ಟಿಯಂಥ ನಂಬಬಹುದಾದ ವಿಧಾನವನ್ನು ಒಂದು ದಿನವೂ ತಪ್ಪದೆ ಬಳಸುತ್ತಿದ್ದೀರಾ?
4. ಹೆರಿಗೆಯಾಗಿ ನಾಲ್ಕು ವಾರದೊಳಗಿದೆಯೇ?
5. ಮಗುವಿಗೆ ಆರು ತಿಂಗಳೊಳಗಿದ್ದು, ಪೂರ್ತಿ ಎದೆಹಾಲನ್ನೇ ಕೊಡುತ್ತಿದ್ದು, ಮುಟ್ಟು ಇನ್ನೂ ಬಂದಿಲ್ಲವೇ?
6. ಗರ್ಭಪಾತವಾಗಿ ಏಳು ದಿನದೊಳಗಿದೆಯೇ?

ಒಂದಕ್ಕಾದರೂ 'ಹೌದು' ಎಂಬ ಉತ್ತರವಿದ್ದು, ಬಸಿರಿನ ಲಕ್ಷಣ ಯಾವುದೂ ಇಲ್ಲದಿದ್ದರೆ, ಬಸಿರಿರುವ ಸಂಭವ ಬಹಳ ಕಡಿಮೆ. ಎಲ್ಲಕ್ಕೂ 'ಇಲ್ಲ' ಎಂದಾದರೆ ಪರೀಕ್ಷೆ ಬೇಕೇ ಬೇಕು. ಗರ್ಭಕೋಶ ತೆಗೆಸಿಕೊಂಡವರಿಗೆ, ಮುಟ್ಟು ನಿಂತು ವರ್ಷ ದಾಟಿದವರಿಗೆ ಪರೀಕ್ಷೆಯ ಅಗತ್ಯವಿಲ್ಲ.

ಸಂತಾನಹರಣ ಶಸ್ತ್ರಚಿಕಿತ್ಸೆಗೆ ಹೋಗುವವರಿಗೆ

'ಆಪರೇಷನ್ ಮಾಡಿಸಿಕೊಂಡು ಬಂದ ಎರಡೇ ತಿಂಗಳಿಗೆ ಬಸಿರು, ಡಾಕ್ಟರು ಸರಿಯಾಗಿ ಮಾಡಲಿಲ್ಲ' ಎಂಬ ದೂರು ಆಗೀಗ ಕೇಳಿಬರುತ್ತದೆ. ಗಂಡ-ಹೆಂಡಿರ ನಡುವೆ ಜಗಳಕ್ಕೆ, ಅತ್ತೆಮನೆಯ ಕೊಂಕು ಮಾತಿಗೆ ಇದು ಕಾರಣವಾಗುವುದೂ ಉಂಟು. ಇಂಥ ಕೆಲವು ಪ್ರಸಂಗಗಳಲ್ಲಿ ತಪ್ಪು ಆಪರೇಷನ್ನಿನದೂ ಅಲ್ಲ, ಹೆಂಗಸಿನದಂತೂ ಅಲ್ಲವೇ ಅಲ್ಲ. ಮೇಜಿನ ಮೇಲೆ ಮಲಗುವ ಮೊದಲೇ ಬಸಿರು ನಿಂತಿರುತ್ತದೆ. ಆಗ ಅದು ಯಾವ ಪರೀಕ್ಷೆಗೂ ಸಿಗದಷ್ಟು ಎಳೆಯದಾಗಿರುತ್ತದೆ.

ಇದನ್ನು ತಪ್ಪಿಸಲೆಂದೇ ಈ ಶಸ್ತ್ರಚಿಕಿತ್ಸೆಯನ್ನು ಹೆರಿಗೆಯಾದ ಏಳು ದಿನಗಳೊಳಗೆ, ಇಲ್ಲವಾದರೆ ಮುಟ್ಟಾದ ಏಳು ದಿನಗಳೊಳಗೆ ಮಾಡುವುದು ಸೂಕ್ತವೆಂದು ಸರ್ಕಾರದ ಮಾರ್ಗಸೂಚಿ ಹೇಳುತ್ತದೆ. ಶಿಬಿರದ ದಿನಾಂಕ ಗೊತ್ತಾಗಿದೆ, ಹೊಲದ ಕೆಲಸ ಮುಗಿದಿದೆ, ಮಕ್ಕಳಿಗೆ ರಜೆಯಿದೆ ಎಂದು ತಿಂಗಳ ಯಾವುದೋ ದಿನ ಹೋಗುವುದಕ್ಕಿಂತ, ಮುಟ್ಟಾದ ಕೂಡಲೇ ಹೋಗುವುದು ಜಾಣತನ. ಅದಾಗದಿದ್ದರೆ ಹಿಂದಿನ ಮುಟ್ಟಿನಿಂದ ಆಪರೇಷನ್ ದಿನದವರೆಗೆ ನಿರೋಧ್ ಬಳಸಿ. ಮುಟ್ಟಿನ ದಿನಾಂಕವನ್ನು ಮರೆಮಾಚಿ ಹೇಳಬೇಡಿ. 'ತಡವಾಗಿದೆ ಎಂದರೆ ವಾಪಸ್ಸು ಕಳಿಸುತ್ತಾರೆ' ಎಂಬ ಹೆದರಿಕೆಯಿಂದ ಸುಳ್ಳು ಹೇಳಿದರೆ ಕಷ್ಟಪಡುವವರು ನೀವೇ. ಆಪರೇಷನ್ ನಂತರ ಎಂದಾದರೂ ಮುಟ್ಟು ತಪ್ಪಿದರೆ ಎರಡು ವಾರದೊಳಗೆ ಅದೇ ಆಸ್ಪತ್ರೆಗೆ ತಿಳಿಸಿ.

ಬಸಿರು ಇದೆ ಎಂದು ಬಂದರೆ?

ಹೌಹಾರಬೇಡಿ. ಮುಂದಿನ ದಾರಿ ಆಪರೇಷನ್ ಎಷ್ಟು ತುರ್ತಿನದು ಎಂಬುದರ ಮೇಲೆ ನಿಂತಿದೆ.

ತಡೆಯಬಹುದಾದದ್ದು: ನೋವಿಲ್ಲದ ಹರ್ನಿಯಾ, ಮೂಗಿನ ಮೂಳೆ, ಉಬ್ಬಿದ ರಕ್ತನಾಳ, ಸೌಂದರ್ಯಕ್ಕಾಗಿ ಮಾಡುವ ಶಸ್ತ್ರಚಿಕಿತ್ಸೆ. ಇವನ್ನೆಲ್ಲ ಹೆರಿಗೆಯಾಗುವವರೆಗೆ ಮುಂದೂಡುತ್ತಾರೆ.

ಬಹಳ ದಿನ ತಡೆಯಲಾಗದ್ದು: ಪದೇಪದೇ ನೋವು ಕೊಡುವ ಪಿತ್ತಕೋಶದ ಕಲ್ಲು, ಕ್ಯಾನ್ಸರ್ ಇರಬಹುದೆಂಬ ಗಂಟು. ರೋಗದ ಸ್ಥಿತಿ ಅವಕಾಶ ಕೊಟ್ಟರೆ ನಾಲ್ಕರಿಂದ ಆರನೇ ತಿಂಗಳ ನಡುವಿನ ಕಾಲವನ್ನು ಆರಿಸಿಕೊಳ್ಳುತ್ತಾರೆ. ಮಗುವಿನ ಅಂಗಗಳು ಆಗ ರೂಪುಗೊಂಡಿರುತ್ತವೆ. ಹೊಟ್ಟೆ ಇನ್ನೂ ತೀರ ದೊಡ್ಡದಾಗಿರುವುದಿಲ್ಲ.

ತುರ್ತಿನದು: ಅಪೆಂಡಿಕ್ಸ್ ಊತ, ಕರುಳು ಕಟ್ಟಿಕೊಂಡದ್ದು, ಅಪಘಾತ. ಇಲ್ಲಿ ಯಾವ ತಿಂಗಳಾದರೂ ತಡಮಾಡುವಂತಿಲ್ಲ. 'ಬಸುರಿಗೆ ಕತ್ತಿ ಹಾಕಬಾರದು' ಎಂದು ಹಿರಿಯರು ಅಡ್ಡ ಬರುವುದುಂಟು. ಅವರ ಕಾಳಜಿ ದೊಡ್ಡದು, ಆದರೆ ಲೆಕ್ಕ ತಪ್ಪು. ಅಪೆಂಡಿಕ್ಸ್ ಒಡೆದು ಕೀವು ಹರಡಿದರೆ ಮಗುವನ್ನು ಕಳೆದುಕೊಳ್ಳುವ ಸಂಭವ ಬಹಳ ಹೆಚ್ಚುತ್ತದೆ. ತಾಯಿ ಉಳಿದರೆ ತಾನೇ ಮಗು?

ಇನ್ನೊಂದು ಸಂದರ್ಭದಲ್ಲಿ ಈ ಕಾರ್ಡೇ ಜೀವ ಉಳಿಸುತ್ತದೆ. ಕಿಬ್ಬೊಟ್ಟೆಯ ಒಂದು ಪಕ್ಕ ನೋವು, ತಲೆ ತಿರುಗಿ ಬೀಳುವುದು, ಭುಜದ ತುದಿಯಲ್ಲಿ ನೋವು, ಹನಿ ಹನಿ ರಕ್ತಸ್ರಾವ - ಇವು ಗರ್ಭನಾಳದಲ್ಲಿ ನಿಂತ ಬಸಿರಿನ ಗುರುತಾಗಿರಬಹುದು. ನೂರು ಬಸಿರುಗಳಲ್ಲಿ ಒಂದೆರಡು ಹೀಗಾಗುತ್ತವೆ. ಹೊರನೋಟಕ್ಕೆ ಇದು ಅಪೆಂಡಿಕ್ಸ್ ನೋವಿನಂತೆಯೋ ಗ್ಯಾಸ್ಟ್ರಿಕ್‌ನಂತೆಯೋ ಕಾಣಬಹುದು. ಹೆರುವ ವಯಸ್ಸಿನ ಹೆಣ್ಣಿಗೆ ಹೊಟ್ಟೆನೋವು ಬಂದರೆ ಮೊದಲು ಮೂತ್ರದ ಗರ್ಭಪರೀಕ್ಷೆ ಎಂಬುದು ವೈದ್ಯ ವಿದ್ಯಾರ್ಥಿಗಳಿಗೆ ಕಲಿಸುವ ಪಾಠ. ಆಗ 'ಹೌದು' ಎಂದು ಬಂದರೆ ಸ್ಕ್ಯಾನ್ ಮಾಡಿ, ಒಡೆಯುವ ಮುನ್ನವೇ ಚಿಕಿತ್ಸೆ ಮಾಡಬಹುದು.

ಆಪರೇಷನ್ ಆದ ಮೇಲೆ ತಿಳಿದರೆ?

ಇದೇ ಎಲ್ಲಕ್ಕಿಂತ ನೋವಿನ ಸನ್ನಿವೇಶ. ಆಪರೇಷನ್ ಆಗಿ ಮೂರು ವಾರಕ್ಕೆ ಮುಟ್ಟು ತಪ್ಪಿದೆ, ಪರೀಕ್ಷೆಯಲ್ಲಿ ಎರಡು ಗೆರೆ ಬಂದಿದೆ. 'ಅಷ್ಟೊಂದು ಔಷಧ ಮೈಗೆ ಹೋಗಿದೆ, ಮಗು ಅಂಗವಿಕಲವಾದರೆ? ತೆಗೆಸಿಬಿಡೋಣ' ಎಂದು ಮನೆಯಲ್ಲಿ ಮಾತು ಶುರುವಾಗುತ್ತದೆ.

ಅವಸರ ಮಾಡಬೇಡಿ. ಆಪರೇಷನ್ನಿನ ಡಿಸ್ಚಾರ್ಜ್ ಚೀಟಿ ಮತ್ತು ತೆಗೆದುಕೊಂಡ ಔಷಧಗಳ ಪಟ್ಟಿಯೊಂದಿಗೆ ಸ್ತ್ರೀರೋಗ ತಜ್ಞರನ್ನು ಕಾಣಿ. ಮೊದಲೇ ಹೇಳಿದಂತೆ ಅರಿವಳಿಕೆಯಿಂದ ಅಂಗವೈಕಲ್ಯ ಬರುತ್ತದೆ ಎಂಬುದಕ್ಕೆ ಪುರಾವೆ ಇಲ್ಲ. ಎದೆಯ ಎಕ್ಸ್‌ರೇಯಿಂದ ಗರ್ಭಕ್ಕೆ ತಗಲುವ ವಿಕಿರಣ ಅತ್ಯಲ್ಪ. ಹಾನಿಯ ಮಟ್ಟಕ್ಕಿಂತ ಸಾವಿರಾರು ಪಟ್ಟು ಕಡಿಮೆ. ಹೊಟ್ಟೆಯ ಸಿ.ಟಿ. ಸ್ಕ್ಯಾನ್‌ನಲ್ಲಿ ಪ್ರಮಾಣ ಹೆಚ್ಚಿದ್ದರೂ, ಒಂದು ಸ್ಕ್ಯಾನ್ ಸಾಮಾನ್ಯವಾಗಿ ಆ ಮಟ್ಟ ಮುಟ್ಟುವುದಿಲ್ಲ. ಔಷಧಗಳಲ್ಲಿ ಯಾವುದಾದರೂ ನಿಜಕ್ಕೂ ಅಪಾಯದ್ದಿತ್ತೇ ಎಂದು ತಜ್ಞರು ನೋಡಿ ಹೇಳುತ್ತಾರೆ. 18ರಿಂದ 20ನೇ ವಾರದಲ್ಲಿ ಮಾಡುವ ಸ್ಕ್ಯಾನ್‌ನಲ್ಲಿ ಮಗುವಿನ ಅಂಗಾಂಗಗಳನ್ನು ವಿವರವಾಗಿ ನೋಡಬಹುದು. ಬೇಕೆಂದು ಬಯಸಿದ ಮಗುವನ್ನು ಬರೀ ಭಯದಿಂದ ಕಳೆದುಕೊಳ್ಳುವುದು ದೊಡ್ಡ ನಷ್ಟ.

ಬಸಿರು ಉಳಿಯದಿದ್ದರೂ ಮೊದಲೇ ತಿಳಿದಿರುವುದರಲ್ಲಿ ಅರ್ಥವಿದೆ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ ಹತ್ತು-ಹದಿನೈದು ಯಾವ ಆಪರೇಷನ್ ಇಲ್ಲದೆಯೂ ತಾವಾಗಿಯೇ ಬಿದ್ದುಹೋಗುತ್ತವೆ. ಆದರೆ ಪರೀಕ್ಷೆ ಮಾಡದೆ ಆಪರೇಷನ್ ನಡೆದು ಆಮೇಲೆ ಗರ್ಭಪಾತವಾದರೆ, ಅದರಿಂದಲೇ ಹೀಗಾಯಿತು ಎಂಬ ಕೊರಗು ಆ ತಾಯಿಯನ್ನು ವರ್ಷಗಟ್ಟಲೆ ಕಾಡುತ್ತದೆ. ಆ ಕೊರಗಿಗೆ ನಮ್ಮ ಬಳಿ ಔಷಧವಿಲ್ಲ.

ಮದುವೆಯಾಗದ ಹುಡುಗಿಯನ್ನು ಕೇಳುವುದು ಹೇಗೆ?

ಹತ್ತೊಂಬತ್ತರ ಹುಡುಗಿ ಹೊಟ್ಟೆನೋವೆಂದು ಬಂದಿದ್ದಾಳೆ. ಪಕ್ಕದಲ್ಲಿ ಅಪ್ಪ, ಎದುರಿಗೆ ಅಣ್ಣ, ಬಾಗಿಲಲ್ಲಿ ಚಿಕ್ಕಪ್ಪ. ಅವರೆದುರು 'ಬಸಿರಾಗಿರುವ ಸಾಧ್ಯತೆ ಇದೆಯೇನಮ್ಮಾ?' ಎಂದರೆ ಅವಳು ಏನು ಹೇಳಿಯಾಳು? ಸತ್ಯ ಏನೇ ಇದ್ದರೂ ಉತ್ತರ 'ಇಲ್ಲ' ಎಂದೇ. ಅಂಥ ಉತ್ತರವನ್ನು ನಂಬಿ ಮುಂದುವರಿಯುವುದು ಅಪಾಯ.

ಆದ್ದರಿಂದ ಈ ಪ್ರಶ್ನೆಯನ್ನು ಅವಳೊಬ್ಬಳೇ ಇರುವಾಗ, ಸಾಧ್ಯವಾದರೆ ಮಹಿಳಾ ವೈದ್ಯರು ಅಥವಾ ನರ್ಸ್ ಕೇಳಬೇಕು. ಏಕೆ ಕೇಳುತ್ತಿದ್ದೇವೆ ಎಂದು ಮೊದಲು ಹೇಳಿ, ಒಪ್ಪಿಗೆ ಪಡೆದು ಪರೀಕ್ಷೆ ಮಾಡಬೇಕು. ಫಲಿತಾಂಶವನ್ನು ಮೊದಲು ಅವಳಿಗೇ ತಿಳಿಸಬೇಕು. ತಂದೆತಾಯಿಗಳಲ್ಲಿ ನನ್ನ ವಿನಂತಿ ಇಷ್ಟೆ: ವೈದ್ಯರು 'ಐದು ನಿಮಿಷ ಹೊರಗಿರಿ' ಎಂದರೆ ಬೇಸರಿಸದೆ ಹೊರಗೆ ಹೋಗಿ. 'ನಮ್ಮ ಹುಡುಗಿ ಅಂಥವಳಲ್ಲ' ಎಂಬ ನಿಮ್ಮ ಮಾತನ್ನು ಯಾರೂ ಅಲ್ಲಗಳೆಯುತ್ತಿಲ್ಲ. ಹೆರುವ ವಯಸ್ಸಿನ ಎಲ್ಲರಿಗೂ ಒಂದೇ ನಿಯಮ ಎಂದಾದರೆ ಯಾರಿಗೂ ಅವಮಾನವಿಲ್ಲ. ಹುಡುಗಿ ತನ್ನ ಮೇಲೆ ಬಲಾತ್ಕಾರ ನಡೆದದ್ದನ್ನು ಮನೆಯಲ್ಲಿ ಹೇಳಲಾಗದೆ ನುಂಗಿಕೊಂಡಿರಬಹುದು ಎಂಬುದನ್ನೂ ಮರೆಯಬೇಡಿ.

ಕಾನೂನು ಏನು ಹೇಳುತ್ತದೆ? 1971ರ ವೈದ್ಯಕೀಯ ಗರ್ಭಪಾತ ಕಾಯಿದೆಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಗರ್ಭಪಾತ ಮಾಡಿಸಿಕೊಂಡ ಹೆಂಗಸಿನ ಹೆಸರು ವಿವರಗಳನ್ನು ಕಾನೂನು ಅಧಿಕಾರವುಳ್ಳವರಿಗಲ್ಲದೆ ಬೇರೆಯವರಿಗೆ ಬಹಿರಂಗಪಡಿಸುವಂತಿಲ್ಲ. 18 ತುಂಬಿದವಳಾದರೆ ಗರ್ಭಪಾತಕ್ಕೆ ಅವಳದೊಂದೇ ಒಪ್ಪಿಗೆ ಸಾಕು. 18 ತುಂಬದಿದ್ದರೆ ಪೋಷಕರ ಒಪ್ಪಿಗೆ ಬೇಕು. 18 ತುಂಬದ ಹುಡುಗಿ ಬಸುರಿ ಎಂದು ತಿಳಿದುಬಂದರೆ, 2012ರ ಪೋಕ್ಸೋ ಕಾಯಿದೆಯಂತೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕು. ಅವಳಿಗೆ ಮದುವೆಯಾಗಿದ್ದರೂ ಇದು ತಪ್ಪದು. ಅಂಥ ಹುಡುಗಿ ಗರ್ಭಪಾತಕ್ಕೆ ಬಂದಾಗ, ಅವಳು ಮತ್ತು ಪೋಷಕರು ಕೋರಿದರೆ, ವರದಿಯಲ್ಲಿ ಅವಳ ಹೆಸರು ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ.

ಕೆಲವು ಸಂದೇಹಗಳು

*ಹಲ್ಲು ಕೀಳಿಸಲು, ಸಣ್ಣ ಗಾಯಕ್ಕೆ ಹೊಲಿಗೆ ಹಾಕಿಸಲು ಪರೀಕ್ಷೆ ಬೇಕೆ?*
ಆ ಜಾಗವನ್ನಷ್ಟೇ ಜೋಮು ಹಿಡಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ಬೇಡ. ಬಸುರಿ ಎಂಬ ಸಂಶಯವಿದ್ದರೆ ಹೇಳಿ. ಎಕ್ಸ್‌ರೇ ಮತ್ತು ಮಾತ್ರೆಗಳ ವಿಷಯದಲ್ಲಿ ಎಚ್ಚರ ವಹಿಸುತ್ತಾರೆ.

*ಬೆನ್ನಿಗೆ ಚುಚ್ಚಿ ಮಾಡುವ ಅರಿವಳಿಕೆಗೂ ಬೇಕೆ?*
ಬೇಕು. ಆಪರೇಷನ್ ಮುಂದೂಡಬೇಕೇ, ಯಾವ ಔಷಧ, ಎಷ್ಟು ಪ್ರಮಾಣ ಎಂಬ ನಿರ್ಧಾರಕ್ಕೆ ಅಲ್ಲಿಯೂ ವಿಷಯ ತಿಳಿದಿರಬೇಕು.

*ಪರೀಕ್ಷೆ ಬೇಡವೆನ್ನುವ ಹಕ್ಕು ನನಗಿದೆಯೇ?*
ಇದೆ. ಆದರೆ ಬೇಡವೆನ್ನುವ ಮುನ್ನ ಅದರ ಉದ್ದೇಶ ಕೇಳಿ ತಿಳಿಯಿರಿ. ಬೇಡವೆಂದರೆ ಅದನ್ನು ಕೇಸ್ ಶೀಟ್‌ನಲ್ಲಿ ಬರೆದು ಸಹಿ ಪಡೆಯುತ್ತಾರೆ.

ನೆನಪಿಡಿ

- ಪ್ರತಿ ತಿಂಗಳು ಮುಟ್ಟಾದ ಮೊದಲ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಹಾಲಿನ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರೇ ಸಾಕು.
- ಆಪರೇಷನ್ ದಿನ ಗೊತ್ತು ಮಾಡುವಾಗ, ತುರ್ತಿಲ್ಲದಿದ್ದರೆ, ಮುಟ್ಟಾದ ನಂತರದ ವಾರವನ್ನು ಕೇಳಿ.
- ಆಪರೇಷನ್ ಗೊತ್ತಾದ ದಿನದಿಂದ ಅದು ಮುಗಿಯುವವರೆಗೆ ಬಸಿರು ನಿಲ್ಲದಂತೆ ಎಚ್ಚರ ವಹಿಸಿ. ಗಂಡಂದಿರೂ ಇದನ್ನು ತಿಳಿದಿರಬೇಕು.
- ಬೆಳಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿಸಿ. ಹಳೆಯ ರಿಪೋರ್ಟ್ ನೆಚ್ಚಬೇಡಿ.
- ಮುಟ್ಟು ಒಂದು ದಿನ ತಡವಾಗಿದ್ದರೂ ಆಪರೇಷನ್ ಕೋಣೆಗೆ ಹೋಗುವ ಮುನ್ನ ನರ್ಸಿಗೋ ವೈದ್ಯರಿಗೋ ಹೇಳಿ. ಕೊನೆಯ ಗಳಿಗೆಯಲ್ಲಿ ಹೇಳಿದರೂ ತಡವಲ್ಲ.
- ಯಾರೂ ಕೇಳದಿದ್ದರೆ ನೀವೇ ಕೇಳಿ: 'ಡಾಕ್ಟ್ರೇ, ನನಗೆ ಗರ್ಭಪರೀಕ್ಷೆ ಬೇಡವೇ?'

ಹಿಂದಿನವರು ಬಸಿರಿನ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಊರಿಗೆಲ್ಲ ಹೇಳುತ್ತಿರಲಿಲ್ಲ. ಆ ಪದ್ಧತಿಯನ್ನು ನೀವೂ ಪಾಲಿಸಿ, ತಪ್ಪೇನಿಲ್ಲ. ಆದರೆ ಆಪರೇಷನ್ ಮಾಡುವ ವೈದ್ಯರು ಮತ್ತು ಅರಿವಳಿಕೆ ಕೊಡುವ ವೈದ್ಯರು, ಈ ಇಬ್ಬರಿಗೆ ಮಾತ್ರ ಬಚ್ಚಿಡಬೇಡಿ.